ಟರ್ಬೊ ಬುಡದ ಸೋರಿಕೆ: ತೀರ್ಥಹಳ್ಳಿ ಸೀಮೆಯ ಒಂದು ಮನೆಯ ಪ್ರಕರಣ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಸರಿದರೆ ಸಿಗುವ ಒಂದು ಅಡಿಕೆ ಬೆಳೆಗಾರರ ಮನೆ ಇದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿಂದ ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತ ಹೋಗುತ್ತದೆ. ಆದರೂ ಈ ಮನೆಯ ಮಾಡು ಆರಿದ್ರೆ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಒಣಗುವುದೇ ಅಪರೂಪ.

ಮನೆಯ ಹಿಂಭಾಗ ಹಳೆಯದು. ಜಂಬಿಟ್ಟಿಗೆ ಗೋಡೆ, ಮರದ ಪಕಾಸು, ರೀಪಿನ ಮೇಲೆ ಮಂಗಳೂರು ಹಂಚು. ಅಡುಗೆಮನೆ, ಬಚ್ಚಲು ಎರಡೂ ಅಲ್ಲಿವೆ. ಮುಂಭಾಗದ ಹಂಚನ್ನು ಮಂಗಗಳ ಕಾಟ ತಡೆಯಲಾರದೆ ಇಳಿಸಿ, ಕಬ್ಬಿಣದ ಪೈಪಿನ ಚೌಕಟ್ಟಿನ ಮೇಲೆ ಬಣ್ಣದ ಶೀಟು ಹೊದೆಸಿದ್ದಾರೆ. ಮಲೆನಾಡಿನಲ್ಲಿ ಈಗ ಇದು ಮಾಮೂಲು. ಮಂಗ ಒಂದು ಹಂಚು ಒಡೆದರೆ ಸುತ್ತಲಿನ ನಾಲ್ಕು ಸರಿಯುತ್ತವೆ. ಹತ್ತಿ ಸರಿಮಾಡುವ ಆಳು ಸಿಗುವುದಿಲ್ಲ. ಸಿಕ್ಕರೂ ಇಳಿಯುವಷ್ಟರಲ್ಲಿ ಇನ್ನೆರಡು ಹಂಚು ಅವನ ಕಾಲಡಿಯಲ್ಲೇ ಒಡೆದಿರುತ್ತವೆ. ಹಾಗಾಗಿ ಶೀಟು ಹಾಕಿಸಿದವರನ್ನು ದೂರುವಂತಿಲ್ಲ. ಆದರೆ ಹಂಚಿನ ಸಂದುಗಳಲ್ಲಿ ತಾನಾಗಿ ಆಡುತ್ತಿದ್ದ ಗಾಳಿ ಶೀಟು ಬಂದ ದಿನವೇ ನಿಂತುಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಅಟ್ಟಕ್ಕೆ ತಲೆ ಹಾಕಲಾಗದಷ್ಟು ಕಾವು. ಆಗ ಶೀಟಿಗೆ ತೂತು ಕೊರೆಸಿ, ಗಾಳಿಗೆ ಗಿರಗಿರ ತಿರುಗುತ್ತ ಒಳಗಿನ ಕಾವನ್ನು ಹೊರಗೆಳೆಯುವ ಟರ್ಬೊ ಕೂರಿಸುತ್ತಾರೆ. ಇಲ್ಲಿಯೂ ಹಾಗೇ ಆಯಿತು.

ಹೀಗೆ ಈ ಮಾಡಿನಲ್ಲಿ ಗಾಳಿಗೆಂದು ಬಿಟ್ಟ ಬಾಯಿಗಳು ಮೂರು. ಶೀಟಿನ ಪಶ್ಚಿಮದ ಇಳಿಜಾರಿನಲ್ಲಿ, ನೆತ್ತಿಯಿಂದ ಸುಮಾರು ನಾಲ್ಕು ಅಡಿ ಕೆಳಗೆ, 24 ಇಂಚು ಕೊರಳಿನ ಟರ್ಬೊ. ಅದೇ ಶೀಟನ್ನು ತೂತು ಮಾಡಿಕೊಂಡು ಮೇಲೆದ್ದ, ಶೌಚಾಲಯದ ವಾಸನೆ ಹೊರಹೋಗುವ ಪಿವಿಸಿ ಪೈಪು. ಹಿಂದಿನ ಹಂಚಿನ ಮಾಡಿನಲ್ಲಿ, ಒಲೆಯ ನೇರಕ್ಕೆ, ಹೊಗೆ ಹೋಗಲು ಗೂಡಿರುವ ಗಾಳಿ ಹಂಚು. ಮೂರೂ ಕಡೆ ಸೋರುತ್ತಿತ್ತು. ಮನೆಯವರ ಲೆಕ್ಕದಲ್ಲಿ ಕಾಯಿಲೆ ಒಂದೇ, ಔಷಧಿಯೂ ಒಂದೇ: ಗಮ್.

ಗಮ್ಮಿನ ಚರಿತ್ರೆ

ನಮ್ಮ ಕಡೆ ಸಿಲಿಕೋನಿಗೆ ಎಲ್ಲರೂ ಹೇಳುವುದು ಗಮ್ ಎಂದೇ. ಪ್ರತಿವರ್ಷ ಮೃಗಶಿರಕ್ಕೆ ಮುಂಚೆ ಒಬ್ಬ ಹುಡುಗನನ್ನು ಹತ್ತಿಸಿ ಟರ್ಬೊ ಬುಡದ ಸುತ್ತ ಟ್ಯೂಬು ಖಾಲಿ ಮಾಡಿಸುವುದು ಈ ಮನೆಯ ರೂಢಿಯಾಗಿತ್ತು. ಒಂದು ವರ್ಷ ಅದರ ಮೇಲೆ ಡಾಂಬರು ಬಳಿಸಿದ್ದರು. ಇನ್ನೊಂದು ವರ್ಷ ಡಾಂಬರಿನ ಮೇಲೆ ಅಂಟುಪಟ್ಟಿ. ಮೊದಲ ಕೆಲವು ಮಳೆಗೆ ನಿಲ್ಲುತ್ತಿತ್ತು. ಪುನರ್ವಸು ಹೊತ್ತಿಗೆ ಅಟ್ಟದಲ್ಲಿ ಮತ್ತೆ ಟಪ್ ಟಪ್. ಆಮೇಲೆ ಟರ್ಬೊದ ತಲೆಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಮುಸುಕು ಹಾಕಿ ಹಗ್ಗ ಬಿಗಿದು ಮಳೆಗಾಲ ಕಳೆಯುತ್ತಿದ್ದರು. ಈ ಚೀಲದ ವಿಷಯ ಮುಂದೆ ಮತ್ತೆ ಬರುತ್ತದೆ.

ಶೌಚಾಲಯದ ಪೈಪಿನ ಸುತ್ತ ಗಾರೆಯವನು ಸಿಮೆಂಟು ಮೆತ್ತಿದ್ದ. ಹಂಚಿನ ಕಡೆ ಒಂದು ಹಂಚಿನ ತುದಿಗೂ ಗಮ್ ಏರಿತ್ತು. ಅದನ್ನು ಕಂಡಾಗ ನನಗೆ ನಗು ಬಂತು.

ನನ್ನನ್ನು ಕರೆದದ್ದು ಪುನರ್ವಸು ಹಿಡಿದ ಮೇಲೆ. "ಮಾರಾಯ್ರೆ, ಎಷ್ಟು ಗಮ್ ಹಾಕ್ಸಿದ್ರೂ ಅಲ್ಲೇ ಸೋರ್ತದೆ. ಈ ಸಲ ಒಳ್ಳೆ ಕಂಪನಿದು ಯಾವ್ದಾದ್ರೂ ಇದ್ರೆ ಹಾಕಿ ಹೋಗಿ" ಎಂದರು ಮನೆಯ ಯಜಮಾನ ಗೌಡರು. ಆ ಮನೆಯ ಅಮ್ಮನ ದೂರು ಬೇರೆ ಇತ್ತು. "ಮಳೆಗಾಲದ್ದು ಬಿಡಿ, ಪುಷ್ಯಮಾಸದಾಗೂ ಸೋರ್ತದಲ, ಅದಕ್ಕೇನಂತೀರಿ?" ಈ ಮಾತಿಗೆ ಆ ದಿನ ಮನೆಯಲ್ಲಿ ಯಾರೂ ಕಿವಿಗೊಡಲಿಲ್ಲ. ನಾನು ಬರೆದಿಟ್ಟುಕೊಂಡೆ, ಏಕೆಂದರೆ ಮಳೆಯಿಲ್ಲದ ತಿಂಗಳಲ್ಲಿ ಸೋರುವ ನೀರು ಮೇಲಿನಿಂದ ಬಂದದ್ದಾಗಿರಲಾರದು.

ಮಳೆಯಲ್ಲಿ ನೋಡಿದ್ದು

ಮಳೆ ಸುರಿಯುವಾಗ ಶೀಟಿನ ಮೇಲೆ ಹತ್ತಬಾರದು. ಪಾಚಿ ಹಿಡಿದ ಶೀಟು ಎಂಥ ಅಭ್ಯಾಸದವನನ್ನೂ ಜಾರಿಸುತ್ತದೆ. ಬೆಳಕಿಗೆಂದು ನಡುವೆ ಹಾಕಿರುವ ಫೈಬರ್ ಶೀಟು ಪಾಚಿ ಕವಿದಾಗ ಉಳಿದವುಗಳಂತೆಯೇ ಕಾಣುತ್ತದೆ, ಕಾಲಿಟ್ಟರೆ ಭಾರ ತಡೆಯದೆ ಒಡೆಯುತ್ತದೆ. ಆದರೆ ಅಟ್ಟದಲ್ಲಿ ಟಾರ್ಚು ಹಿಡಿದು ಕೂರಲು ಮಳೆಯಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ನೆನೆದ ಅಡಿಕೆ ಚೀಲಗಳಿದ್ದದ್ದು ಅಟ್ಟದ ಉತ್ತರ ಮೂಲೆಯಲ್ಲಿ, ಸೂರಿನ ಹತ್ತಿರ. ಟರ್ಬೊ ಇದ್ದದ್ದು ನಡುಮನೆಯ ಮೇಲೆ. ಎರಡಕ್ಕೂ ನಡುವೆ ಒಂದು ಕೋಣೆಯಷ್ಟು ಅಂತರ. ಮೂಲೆಯ ಮೇಲಿನ ಶೀಟಿನಲ್ಲಿ ತೂತಿದೆಯೆಂದು ನಂಬಿ ಅಲ್ಲಿಯೂ ಗಮ್ ಹೊಡೆಸಿದ್ದರು. ಟಾರ್ಚು ಹಿಡಿದು ನೀರಿನ ಜಾಡನ್ನು ಹಿಂದಕ್ಕೆ ಹುಡುಕಿದಾಗ ಕಂಡದ್ದು ಹೀಗೆ. ಟರ್ಬೊ ಬುಡದಲ್ಲಿ ಒಳಬಂದ ನೀರು ನೇರವಾಗಿ ಬೀಳದೆ ಶೀಟಿನ ಅಡಿಮೈಗೆ ಅಂಟಿಕೊಂಡೇ ಇಳಿಯುತ್ತಿತ್ತು. ಮೊದಲು ಸಿಕ್ಕ ಅಡ್ಡಪೈಪಿಗೆ ತಾಗಿ, ಆ ಪೈಪು ಉತ್ತರಕ್ಕೆ ಒಂದು ಬೆರಳಷ್ಟು ವಾಲಿದ್ದರಿಂದ ಅದರ ಮೇಲೇ ಹರಿದು, ಪೈಪಿಗೆ ಪೈಪು ಬೆಸೆದ ಜಾಗದಲ್ಲಿ ವೆಲ್ಡಿಂಗ್ ಗಂಟು ಅಡ್ಡ ಬಂದಾಗ ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ಶೀಟಿನ ಮಾಡಿನಲ್ಲಿ ಕಲೆ ಇದ್ದ ಜಾಗ ನೀರು ಬಿದ್ದ ಜಾಗವನ್ನು ತೋರಿಸುತ್ತದೆ, ಹೊಕ್ಕ ಜಾಗವನ್ನಲ್ಲ. ಅರ್ಧಕ್ಕರ್ಧ ಗಮ್ಮು ವ್ಯರ್ಥವಾಗುವುದು ಈ ವ್ಯತ್ಯಾಸ ತಿಳಿಯದೆಯೇ.

ಆ ಮಳೆಯಲ್ಲಿ ಮಾಡಬಹುದಾದದ್ದು ಒಂದೇ. ಹೊಳವಾದ ಒಂದು ದಿನ ಟಾರ್ಪಾಲು ಹಾಕಿದೆವು. ಟರ್ಬೊ ಸುತ್ತ ಬಿಗಿದು ಕಟ್ಟಲಿಲ್ಲ. ಅದರ ಮೇಲಂಚನ್ನು ನೆತ್ತಿ ದಾಟಿಸಿ ಪೂರ್ವದ ಇಳಿಜಾರಿಗೆ ಹಾಯಿಸಿ ಕಟ್ಟಿದೆವು. ನೆತ್ತಿಗಿಂತ ಕೆಳಗೇ ನಿಂತ ಟಾರ್ಪಾಲಿನ ಅಡಿಗೆ ಮೇಲಿನ ನೀರು ನುಗ್ಗುತ್ತದೆ, ನೆತ್ತಿ ದಾಟಿದ್ದರ ಅಡಿಗೆ ಹೋಗಲು ಅದಕ್ಕೆ ದಾರಿಯಿಲ್ಲ. ಸೋರಿಕೆ ಅಂದೇ ನಿಂತಿತು. ಒಂದು ಹನಿ ಗಮ್ ಹಾಕಿರಲಿಲ್ಲ. ಗೌಡರು ಇದನ್ನು ಗಮನಿಸಿದರು, ಆದರೆ ಆಗ ಏನೂ ಹೇಳಲಿಲ್ಲ.

ನೀಲಿ ನೀರಿನ ಪರೀಕ್ಷೆ

ನಿಜವಾದ ಕೆಲಸ ದೀಪಾವಳಿ ಕಳೆದ ಮೇಲೆ, ಬಿಸಿಲು ಗಟ್ಟಿಯಾದಾಗ. ಟಾರ್ಪಾಲು ತೆಗೆದು, ಶೀಟು ಒಣಗಲು ಬಿಟ್ಟು, ಮೊದಲು ನೀರು ಹಾಯಿಸಿ ನೋಡುವುದೆಂದಾಯಿತು. ತೋಟದ ಪೈಪು ಮೇಲಕ್ಕೆ ಒಯ್ದೆವು. ಒಬ್ಬ ಅಟ್ಟದಲ್ಲಿ, ಒಬ್ಬ ಮೇಲೆ.

ಈ ಪರೀಕ್ಷೆಗೆ ಒಂದೇ ಕಟ್ಟಳೆ: ಕೆಳಗಿನಿಂದ ಮೇಲಕ್ಕೆ ಬರಬೇಕು. ನೆತ್ತಿಯಿಂದ ನೀರು ಬಿಟ್ಟರೆ ಎಲ್ಲವೂ ಒಟ್ಟಿಗೆ ನೆನೆದು, ಯಾವ ಬಾಯಿಂದ ಒಳಬಂತೆಂದು ತಿಳಿಯುವುದಿಲ್ಲ. ಮೊದಲು ಟರ್ಬೊ ಬುಡದ ಕೆಳಗಿನ ಅಂಚು, ಆಮೇಲೆ ಎರಡು ಮಗ್ಗುಲು, ಕೊನೆಗೆ ಮೇಲಿನ ಅಂಚು. ಒಂದೊಂದಕ್ಕೂ ಹತ್ತು ನಿಮಿಷವಾದರೂ ನೀರು ಬಿಟ್ಟು ಕಾಯಬೇಕು. ಅಟ್ಟದಲ್ಲಿರುವವನು "ಬಂತು" ಎಂದೊಡನೆ ನಿಲ್ಲಿಸಬೇಕು. ಅವಸರದವರಿಗೆ ಈ ಕೆಲಸ ಆಗಿಬರುವುದಿಲ್ಲ.

ಕೆಳಗಿನ ಅಂಚಿಗೆ ಬಿಟ್ಟ ನೀರು ಹಾಗೇ ಹರಿದುಹೋಯಿತು. ದಕ್ಷಿಣದ ಮಗ್ಗುಲಲ್ಲಿ ತಕ್ಷಣ ಒಂದು ತೊಟ್ಟು ಕಾಣಿಸಿತು. ನೋಡಿದರೆ ಅಲ್ಲೊಂದು ಸ್ಕ್ರೂ ಶೀಟಿನ ಉಬ್ಬಿಗೆ ಬೀಳದೆ ತಗ್ಗಿಗೆ ಬಿದ್ದಿತ್ತು. ಉಬ್ಬಿನಲ್ಲಿರುವ ಸ್ಕ್ರೂ ಮಳೆಯಲ್ಲಿ ನೆನೆಯುತ್ತದೆ ಅಷ್ಟೆ, ತಗ್ಗಿನಲ್ಲಿರುವುದು ಹರಿವ ನೀರಿನೊಳಗೇ ಮುಳುಗಿ ನಿಲ್ಲುತ್ತದೆ. ಅದರ ರಬ್ಬರ್ ವಾಷರನ್ನು ಡ್ರಿಲ್ ಹಿಡಿದವನು ಅತಿಯಾಗಿ ಬಿಗಿದು ಹಿಂಡಿಬಿಟ್ಟಿದ್ದ. ವಾಷರ್ ಅಂಚಿನಿಂದ ಹೊರಚಾಚಿ ಬಿರಿದಿತ್ತು. ಸ್ಕ್ರೂ ಬಿಗಿಯಾದಷ್ಟೂ ಒಳ್ಳೆಯದೆಂಬ ನಂಬಿಕೆ ಎಲ್ಲೆಡೆ ಇದೆ. ವಾಷರ್ ತುಸು ಒತ್ತಿ ಕೂತರೆ ಸಾಕು.

ಮೇಲಿನ ಅಂಚಿಗೆ ಹೋದಾಗ ಅಮ್ಮನ ಹತ್ತಿರ ಬಟ್ಟೆಗೆ ಹಾಕುವ ನೀಲಿ ಇಸಿದುಕೊಂಡು ಬಕೆಟ್ಟಿಗೆ ಕಲಸಿದೆವು. ಈ ಹೊತ್ತಿಗೆ ಅಲ್ಲಲ್ಲಿ ಉಳಿದ ನೀರಿನ ತೊಟ್ಟುಗಳಿದ್ದುದರಿಂದ ಹೊಸ ನೀರನ್ನು ಗುರುತಿಸಲು ಬಣ್ಣ ಬೇಕಿತ್ತು. ಬಕೆಟ್ಟು ಸುರಿದು ಕಾದೆವು. ಏನೂ ಬರಲಿಲ್ಲ. ಇನ್ನೊಂದು ಸುರಿದೆವು. ಎಷ್ಟೋ ಹೊತ್ತಿನ ಮೇಲೆ, ಟರ್ಬೊ ತೂತಿನ ಕೆಳಭಾಗದ ಅಂಚಿನಿಂದ ನೀಲಿ ನೀರು ಧಾರೆಯಾಗಿ ಇಳಿಯಿತು. ಸುರಿದದ್ದು ಮೇಲಂಚಿಗೆ, ಬಂದದ್ದು ತೂತಿನ ಕೆಳಗಿನ ಅಂಚಿನಿಂದ, ಅದೂ ತಡವಾಗಿ. ಇಡೀ ಪ್ರಕರಣದ ಗಂಟು ಇಲ್ಲೇ ಇತ್ತು.

ಒಳಗೆ ಕಟ್ಟಿಕೊಂಡ ನೀರು

ಟರ್ಬೊ ಬುಡದಲ್ಲಿದ್ದದ್ದು ಫೈಬರ್ ತಟ್ಟೆ, ಶೀಟಿನ ಉಬ್ಬುತಗ್ಗಿಗೆ ಹೊಂದುವಂತೆ ಅಚ್ಚು ಹೊಯ್ದದ್ದು. ಕೂರಿಸಿದವರು ಅದನ್ನು ಶೀಟಿನ ಮೇಲಿಟ್ಟು ಸ್ಕ್ರೂ ಹೊಡೆದು ನಾಲ್ಕೂ ಅಂಚಿಗೆ ಗಮ್ ಬಳಿದಿದ್ದರು. ಬಿಸಿಲಿಗೆ ಫೈಬರ್ ಒಣಗಿ ಎಳೆ ಎದ್ದು, ಮೇಲಂಚಿನ ಒಂದು ಮೂಲೆಯಲ್ಲಿ ಸ್ಕ್ರೂ ಸುತ್ತ ಕೂದಲಿನಂಥ ಬಿರುಕು ಬಿಟ್ಟಿತ್ತು. ನೆತ್ತಿಯಿಂದ ಬರುವ ನೀರು ಆ ಬಿರುಕಿನಲ್ಲಿ ಸ್ವಲ್ಪಸ್ವಲ್ಪವೇ ತಟ್ಟೆಯ ಅಡಿಗೆ ಇಳಿಯುತ್ತಿತ್ತು. ಅಡಿಗೆ ಹೋದ ನೀರು ಕೆಳಗಿನ ಅಂಚಿನಿಂದ ಹೊರಹರಿದು ಹೋಗಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆದರೆ ಕೆಳಗಿನ ಅಂಚಿಗೂ ಗಮ್ ಇತ್ತಲ್ಲ! ವರ್ಷವರ್ಷವೂ ದಪ್ಪವಾಗುತ್ತ ಬಂದ ಗಮ್ಮಿನ ಕಟ್ಟೆ. ನೀರು ಅಲ್ಲಿ ನಿಂತು, ತುಂಬಿ, ಹಿಂದಕ್ಕೇರಿ, ಶೀಟು ಕತ್ತರಿಸಿದ ತೂತಿನ ಅಂಚು ದಾಟಿ ಅಟ್ಟಕ್ಕೆ ಬೀಳುತ್ತಿತ್ತು. ನೀಲಿ ನೀರು ತಡವಾಗಿ ಬಂದದ್ದು ಅದು ತುಂಬಲು ಹಿಡಿದ ಹೊತ್ತಿನಿಂದ. ಮೊದಲ ಕೆಲವು ಮಳೆಗೆ ಸೋರದೆ ಪುನರ್ವಸುವಿಗೆ ಸೋರುತ್ತಿದ್ದುದಕ್ಕೂ ಇದೇ ಕಾರಣ: ಬಿಟ್ಟುಬಿಟ್ಟು ಬರುವ ಮಳೆಯಲ್ಲಿ ಅದು ತುಂಬುವ ಮೊದಲೇ ಆರುತ್ತಿತ್ತು, ಎಡೆಬಿಡದ ಮಳೆಯಲ್ಲಿ ಆರಲು ಬಿಡುವಿರಲಿಲ್ಲ.

ಎಂದರೆ, ಸೋರಿಕೆ ನಿಲ್ಲಲೆಂದು ಕೆಳಗೆ ಹಾಕಿಸಿದ ಗಮ್ಮೇ ನೀರನ್ನು ಒಳಗೆ ತಳ್ಳುತ್ತಿತ್ತು.

ಮೇಲಿನಿಂದ ಎಷ್ಟು ನೀರು ಬಂದು ಈ ಬುಡಕ್ಕೆ ಬಡಿಯುತ್ತದೆಂದು ಗೌಡರಿಗೆ ಲೆಕ್ಕ ಹಾಕಿ ತೋರಿಸಿದೆ. ಕೊರಳಿನ ಅಗಲ 0.6 ಮೀಟರ್, ನೆತ್ತಿಯಿಂದ ಅಂತರ 1.2 ಮೀಟರ್. ಗಂಟೆಗೆ 100 ಮಿಲಿಮೀಟರ್ ಹುಯ್ಯುವ ಜಡಿಮಳೆಯಲ್ಲಿ ಅಷ್ಟು ಜಾಗಕ್ಕೆ ಬೀಳುವುದು ಗಂಟೆಗೆ ಸುಮಾರು 72 ಲೀಟರ್. ಅಷ್ಟೂ ನೀರು ಶೀಟಿನ ತಗ್ಗುಗಳಲ್ಲಿ ಬಂದು ಟರ್ಬೊ ಎದುರಿಗೆ ಥಟ್ಟನೆ ನಿಂತು ಪಕ್ಕಕ್ಕೆ ತಿರುಗಬೇಕು. ಪಕ್ಕಕ್ಕೆ ತಿರುಗಲು ದಾರಿ ಮಾಡಿಕೊಟ್ಟಿರಲಿಲ್ಲ.

ಹಳೆಯ ಗಮ್ ಕೆತ್ತುವುದಕ್ಕೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನು ಹಿಡಿಯುವುದಿಲ್ಲ. ಪದರದ ಮೇಲೆ ಪದರ ಹಾಕಿದ್ದೆಲ್ಲ ಸಿಪ್ಪೆಯಂತೆ ಎದ್ದು ಬಂತು. ಅದರ ಅಡಿಯಲ್ಲಿ ಶೀಟಿನ ಬಣ್ಣ ಹೋಗಿ ಬಿಳಿ ಪುಡಿ, ನಡುನಡುವೆ ತುಕ್ಕು. ಹಾಕುವಾಗ ವಿನೆಗರಿನ ಹುಳಿವಾಸನೆ ಹೊಡೆಯುವ ಅಗ್ಗದ ಸಿಲಿಕೋನು ಇದಕ್ಕೆ ಕಾರಣ. ಆ ಹುಳಿ ಸತುವಿನ ಲೇಪವನ್ನು ತಿನ್ನುತ್ತದೆ. ಗಾಜಿಗೆ, ಬಚ್ಚಲ ಟೈಲ್ಸಿಗೆ ಅದನ್ನು ಹಾಕಲಿ, ತಗಡಿಗೆ ಬೇಡ. ತಗಡಿಗೆ ನ್ಯೂಟ್ರಲ್ ಎಂದು ಟ್ಯೂಬಿನ ಮೇಲೆ ಬರೆದಿರುವುದೇ ಆಗಬೇಕು. ತುಕ್ಕು ಉಜ್ಜಿ ಸತುವಿನ ಪ್ರೈಮರ್ ಬಳಿದೆವು.

ಫೈಬರ್ ತಟ್ಟೆಯನ್ನು ಬಿಸಾಡಿದೆವು. ಊರಿನ ವೆಲ್ಡಿಂಗ್ ಶಾಪಿನವನೂ ಅವನ ಪರಿಚಯದ ತಗಡು ಕೆಲಸದವರೊಬ್ಬರೂ ಸೇರಿ ಸತು ಲೇಪದ ದಪ್ಪ ಜಿಐ ತಗಡಿನಲ್ಲಿ ಒಂದು ಚೌಕದ ಕೊರಳು ಮಾಡಿದರು, ಆರು ಇಂಚು ಎತ್ತರ. ನೆತ್ತಿಯ ಕಡೆಯ ಮುಖವನ್ನು ಚಪ್ಪಟೆಯಾಗಿ ಬಿಡದೆ ದೋಣಿಯ ಮೂತಿಯ ಹಾಗೆ ಮಾಡಿಸಿದೆ, ಬರುವ ನೀರು ಎರಡು ಪಾಲಾಗಿ ಮಗ್ಗುಲಿಗೆ ಹೋಗಲೆಂದು. ಶೀಟಿನ ತೂತಿನ ಅಂಚುಗಳನ್ನು ಸುತ್ತಲೂ ಒಂದಿಂಚು ಮೇಲಕ್ಕೆ ಮಡಿಸಿದೆವು. ಏನಾದರೂ ನೀರು ಅಡಿಗೆ ಹೋದರೂ ಆ ಮಡಿಕೆ ದಾಟದಂತೆ ಅದು ಎರಡನೆಯ ಕಾವಲು. ಕೊರಳಿನ ಬೆನ್ನಿಗೆ ಅಗಲವಾದ ತಗಡಿನ ಹಾಸು ಜೋಡಿಸಿ ಅದನ್ನು ನೆತ್ತಿಯವರೆಗೂ ಒಯ್ದು, ನೆತ್ತಿ ಮುಚ್ಚಿಗೆಯ ಅಡಿಗೆ ಎಂಟು ಇಂಚು ನುಗ್ಗಿಸಿದೆವು. ನೆತ್ತಿ ಮುಚ್ಚಿಗೆ ಹಾಸಿನ ಮೇಲೆ, ಹಾಸು ಕೊರಳಿನ ಮೇಲೆ, ಕೊರಳಿನ ಕೆಳಸೆರಗು ಶೀಟಿನ ಮೇಲೆ. ಹಾಸಿನ ಮಗ್ಗುಲಂಚುಗಳು ಶೀಟಿನ ಉಬ್ಬಿನ ಮೇಲೆಯೇ ಮುಗಿಯುವಂತೆ ಅಳತೆ ಹಿಡಿದು, ನಡುವೆ ಬ್ಯುಟೈಲ್ ಎಂಬ ಅಂಟು ರಬ್ಬರಿನ ಪಟ್ಟಿ ಕೊಟ್ಟು, ಸ್ಕ್ರೂಗಳನ್ನೆಲ್ಲ ಉಬ್ಬಿಗೇ ಹೊಡೆದೆವು. ನ್ಯೂಟ್ರಲ್ ಸಿಲಿಕೋನು ಹೋದದ್ದು ಕೊರಳಿನ ನಾಲ್ಕು ಮೂಲೆಯ ಬೆಸುಗೆಗೆ ಮಾತ್ರ.

ವೆಲ್ಡಿಂಗ್ ಹುಡುಗನಿಗೆ ಸಮಾಧಾನವಿರಲಿಲ್ಲ. "ಕೆಳಗಡೆ ಗಮ್ ಬ್ಯಾಡ್ವಾ ಸಾರ್? ಗಾಳಿ ಹೊಡೆದ್ರೆ ನೀರು ಮೇಲ್ಮುಖ ಹೋಗಲ್ವಾ?" ಒಳ್ಳೆಯ ಪ್ರಶ್ನೆ. ಪಶ್ಚಿಮದ ಇಳಿಜಾರು ಗಾಳಿಮಳೆಗೆ ಎದೆಕೊಟ್ಟು ನಿಂತಿರುವುದು ನಿಜ. ಅದಕ್ಕೆಂದೇ ಕೆಳಸೆರಗನ್ನು ಎಂಟು ಇಂಚು ಉದ್ದ ಬಿಟ್ಟು, ಅದರ ಒಳಬದಿಯಲ್ಲಿ, ಉಬ್ಬಿನ ಖಾಲಿಜಾಗಕ್ಕೆ ಅದೇ ಆಕಾರದ ಫೋಮ್ ತುಂಡುಗಳನ್ನು ತುಂಬಿದೆವು. ಎರಚಲು ಅಲ್ಲಿಗೆ ನಿಲ್ಲುತ್ತದೆ. ತಗ್ಗುಗಳನ್ನು ಮಾತ್ರ ಮುಚ್ಚಲಿಲ್ಲ, ಒಳಗೆ ಹೋದ ನೀರು ಹೊರಬರಲು ಅಲ್ಲಿ ದಾರಿ ಇರಲೇಬೇಕು.

ಕೊನೆಗೆ ಟರ್ಬೊವನ್ನು ಕೊರಳಿಗೆ ಕೂರಿಸುವಾಗ ರಸಮಟ್ಟ ಹಿಡಿದು ನೋಡಿದೆವು. ಇಳಿಜಾರಿನ ಮೇಲೆ ವಾಲಿಕೊಂಡು ತಿರುಗಿದರೆ ಬೇರಿಂಗ್ ಒಂದೇ ಕಡೆ ಸವೆದು ಹಿಡಿದುಕೊಳ್ಳುತ್ತದೆ. ತಿರುಗುತ್ತಿರುವ ತಲೆ ಮೇಲೆ ಬಿದ್ದ ನೀರನ್ನು ಹೊರಕ್ಕೆಸೆಯುತ್ತದೆ, ಹಿಡಿದು ನಿಂತ ತಲೆಯ ರೆಕ್ಕೆಗಳ ನಡುವೆ ಎರಚಲು ನುಗ್ಗುತ್ತದೆ. ಕೆಲಸ ಮುಗಿದ ಮೇಲೆ ಡ್ರಿಲ್ಲಿನ ಕಬ್ಬಿಣದ ಚೂರುಗಳನ್ನು ಮೆತ್ತನೆಯ ಪೊರಕೆಯಿಂದ ಗುಡಿಸಿದೆವು. ಬಿಟ್ಟರೆ ಒಂದೇ ಮಳೆಗೆ ಒಂದೊಂದು ಚೂರೂ ಒಂದೊಂದು ತುಕ್ಕಿನ ಕಲೆಯಾಗುತ್ತದೆ.

ಪೈಪು ಮತ್ತು ಸಿಮೆಂಟು

ಶೌಚಾಲಯದ ಪೈಪಿನದು ಬೇರೆ ಕತೆ. ಇಲ್ಲಿ ತೂತು ಚಿಕ್ಕದು, ನಾಲ್ಕು ಇಂಚಿನ ಪೈಪು. ಆದರೆ ಸುತ್ತ ಮೆತ್ತಿದ್ದ ಸಿಮೆಂಟು ತಗಡಿನಿಂದಲೂ ಪೈಪಿನಿಂದಲೂ ಬಿಟ್ಟುಕೊಂಡು ಬಳೆಯಂತೆ ಸಡಿಲವಾಗಿ ಕೂತಿತ್ತು. ಆರು ಮೀಟರ್ ಉದ್ದದ ಉಕ್ಕಿನ ಶೀಟು ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 40 ಡಿಗ್ರಿ ವ್ಯತ್ಯಾಸ ಕಂಡರೆ ಸುಮಾರು 3 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಪಿವಿಸಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಎರಡೂ ದಿನಾ ಆಡುತ್ತಿರುವಾಗ ನಡುವೆ ಕದಲದ ಸಿಮೆಂಟು ಇಟ್ಟರೆ ಅದು ಬಿರಿಯಲೇಬೇಕು. ಹಸಿ ಸಿಮೆಂಟಿನ ಕ್ಷಾರ ಶೀಟಿನ ಲೇಪವನ್ನೂ ತಿಂದಿತ್ತು.

ಇದಕ್ಕೆ ರಬ್ಬರ್ ಬೂಟು ಸಿಗುತ್ತದೆ, ಬುಡದಲ್ಲಿ ಬಗ್ಗುವ ಅಲ್ಯೂಮಿನಿಯಂ ಪಟ್ಟಿ ಇರುವಂಥದ್ದು. ಪೈಪಿನ ಸುತ್ತಳತೆಗಿಂತ ಐದನೇ ಒಂದು ಪಾಲು ಕಡಿಮೆ ಅಳತೆಗೆ ರಬ್ಬರನ್ನು ಕತ್ತರಿಸಿ ಎಳೆದು ತೊಡಿಸಿದರೆ ತಾನೇ ಬಿಗಿಯಾಗಿ ಹಿಡಿಯುತ್ತದೆ. ಚೌಕದ ಬುಡವನ್ನು ಕರ್ಣಕ್ಕೆ ತಿರುಗಿಸಿ, ಒಂದು ಮೂಲೆ ನೆತ್ತಿಯ ಕಡೆ ಬರುವಂತೆ ಕೂರಿಸಬೇಕು, ನೀರು ಅಲ್ಲಿ ನಿಲ್ಲದೆ ಸೀಳಿಕೊಂಡು ಹೋಗುತ್ತದೆ. ಬೂಟು ನಮ್ಮ ಪೇಟೆಯಲ್ಲಿ ಇರಲಿಲ್ಲ, ತರಿಸಲು ವಾರ ಬೇಕಿತ್ತು. ತಗಡಿನವರು ತಮ್ಮದೇ ದಾರಿ ಹೇಳಿದರು: ಶೀಟಿಗೆ ಹೊಂದಿದ ಒಂದು ಗಿಡ್ಡ ಕೊರಳು, ಪೈಪಿಗೆ ಬಿಗಿದ ಒಂದು ತಗಡಿನ ಛತ್ರಿ, ಛತ್ರಿಯ ಅಂಚು ಕೊರಳಿನ ಮೇಲೆ ಮೂರು ಇಂಚು ಇಳಿದಿರುವುದು. ಎರಡೂ ಒಂದಕ್ಕೊಂದು ತಾಗುವುದಿಲ್ಲ, ಪೈಪು ಎಷ್ಟು ಆಡಿದರೂ ಏನೂ ಬಿರಿಯುವುದಿಲ್ಲ. ನನಗೆ ಇದು ಬೂಟಿಗಿಂತ ಹಿಡಿಸಿತು. ರಬ್ಬರು ಕೆಲವು ವರ್ಷಗಳ ಬಿಸಿಲಿಗೆ ಸೀಳುತ್ತದೆ, ತಗಡಿನ ಛತ್ರಿಗೆ ಆ ಭಯವಿಲ್ಲ. ಅದನ್ನೇ ಮಾಡಿಸಿದೆವು.

ಹಂಚಿನ ಮಾಡು ಕೇಳಿದ್ದು ಪೊರಕೆ

ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹಬ್ಬಿದ್ದು ಈ ಹಂಚು. ಅದರ ಮೈಯಲ್ಲಿರುವ ತೋಡು, ಏಣು, ಹಿಂಬದಿಯ ಗೂಟ ಯಾವುದೂ ಅಲಂಕಾರಕ್ಕಲ್ಲ. ಒಂದರ ಏಣು ಪಕ್ಕದ್ದರ ತೋಡಿಗೆ ಕೂತು, ಸಂದಿಗೆ ಇಳಿದ ನೀರು ಆ ತೋಡಿನಲ್ಲೇ ಹರಿದು ಕೆಳಗಿನ ಹಂಚಿನ ಮೇಲೆ ಬೀಳುತ್ತದೆ. ಗಾಳಿ ಹಂಚೂ ಹಾಗೆಯೇ. ನಡುವೆ ಎದ್ದ ಗೂಡಿನ ಬಾಯಿ ಸೂರಿನ ಕಡೆಗೆ ತೆರೆದಿರುವುದರಿಂದ ಹೊಗೆ ಹೊರಹೋಗುತ್ತದೆ, ಇಳಿವ ನೀರು ಒಳಬರುವುದಿಲ್ಲ. ಗೌಡರ ತಂದೆಯ ಕಾಲದಿಂದ ಅಲ್ಲಿದ್ದ ಹಂಚು ಅದು. ಸುತ್ತಲಿನ ತೋಡುಗಳಲ್ಲಿ ಮಸಿ, ಪಾಚಿ, ಒಣಗಿದ ಎಲೆಪುಡಿ ಗಟ್ಟಿಯಾಗಿ ತುಂಬಿ ನೀರು ಮಗ್ಗುಲಿಗೆ ಉಕ್ಕುತ್ತಿತ್ತು. ಹಂಚು ಕೈಯಾಡಿಸುವ ಪದ್ಧತಿ ನಿಂತದ್ದರ ಫಲ. ಸುತ್ತಲಿನ ಹಂಚುಗಳನ್ನು ಇಳಿಸಿ, ತೆಂಗಿನ ಪೊರಕೆಯಿಂದ ತೋಡು ಕೆರೆದು, ತೊಳೆದು, ಗೂಟ ಮುರಿದಿದ್ದ ಒಂದೆರಡನ್ನು ಬದಲಿಸಿ ಮತ್ತೆ ಹೊದೆಸಿದೆವು. ಹಂಚಿನ ತುದಿಯ ಗಮ್ ಕಿತ್ತು ಹಾಕಿದ್ದು ಹೇಳಬೇಕಿಲ್ಲ.

ಮಳೆಯಿಲ್ಲದ ಸೋರಿಕೆ

ಡಿಸೆಂಬರಿನಲ್ಲಿ ಗೌಡರ ಫೋನು ಬಂತು. "ನಿಮ್ ಕೆಲ್ಸ ಹೋಯ್ತು ಮಾರಾಯ್ರೆ, ಅಟ್ಟದಲ್ಲಿ ಮತ್ತೆ ನೀರು." ಅಮ್ಮ ಮೊದಲ ದಿನ ಹೇಳಿದ್ದು ಇದನ್ನೇ.

ಬೆಳಕು ಹರಿಯುವ ಮುಂಚೆ ಅಟ್ಟದಲ್ಲಿದ್ದರೆ ಮಾತ್ರ ಇದು ತಿಳಿಯುವಂಥದ್ದು. ಹೊರಗೆ ತಿಳಿಯಾದ ಆಕಾಶ, ಹುಲ್ಲಿನ ಮೇಲೆ ಇಬ್ಬನಿ. ಒಳಗೆ ಇಡೀ ಶೀಟಿನ ಅಡಿಮೈ ಬೆವರಿತ್ತು. ಹನಿಗಳು ಟರ್ಬೊ ಬುಡದಲ್ಲಷ್ಟೇ ಇರಲಿಲ್ಲ, ಉದ್ದಕ್ಕೂ, ಒಂದೊಂದು ಅಡ್ಡಪೈಪಿನ ಮೇಲೂ ಸಾಲುಗಟ್ಟಿದ್ದವು. ಬಿಸಿಲು ಮಾಡಿಗೆ ತಾಗಿದ ಸ್ವಲ್ಪ ಹೊತ್ತಿಗೆ ಎಲ್ಲ ಮಾಯ. ರಾತ್ರಿ ತೆಳು ತಗಡು ತನ್ನ ಕಾವನ್ನು ಬರಿಯಾಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅಡಿಯಲ್ಲಿ ಹಬೆ ತುಂಬಿದ ಗಾಳಿ ಇದ್ದರೆ ಅದು ತಗಡಿಗೆ ತಾಗಿ ನೀರಾಗುತ್ತದೆ. ಹಬೆ ಎಲ್ಲಿಂದ ಬಂತೆಂದು ಹುಡುಕಬೇಕಿರಲಿಲ್ಲ. ಅದು ಅಡಿಕೆ ಬೇಯಿಸುವ ಕಾಲ. ಹಿಂದಿನ ಚಪ್ಪರದಲ್ಲಿ ದೊಡ್ಡ ಹಂಡೆ ಸಂಜೆಯಿಂದ ರಾತ್ರಿಯವರೆಗೂ ಕುದಿಯುತ್ತಿತ್ತು, ಚಪ್ಪರಕ್ಕೂ ಅಟ್ಟಕ್ಕೂ ನಡುವಿನ ಗೋಡೆ ಮಾಡಿನವರೆಗೆ ಮುಟ್ಟಿರಲಿಲ್ಲ.

ಆದರೂ ಟರ್ಬೊ ಇರುವುದೇ ಹಬೆ ಎಳೆದು ಹಾಕಲಿಕ್ಕಲ್ಲವೇ? ಅಂಗಳಕ್ಕೆ ಬಂದು ಮೇಲೆ ನೋಡಿದೆ. ಟರ್ಬೊ ತಲೆಗೆ ಗೊಬ್ಬರದ ಚೀಲ ಬಿಗಿದಿತ್ತು. "ಚಳಿಗೆ ಗಾಳಿ ಯಾಕೆ ಅಂತ ಕಟ್ಸಿದ್ದು" ಎಂದರು ಗೌಡರು. ಹಿಂದಿನ ವರ್ಷಗಳಲ್ಲಿ ಮಳೆಗೆ ಕಟ್ಟಿದ ಚೀಲ ಶಿವರಾತ್ರಿಯವರೆಗೂ ಅಲ್ಲೇ ಇರುತ್ತಿತ್ತಂತೆ. ಮಳೆಗಾಲದ ಸೋರಿಕೆಗೆ ಮಾಡಿದ ಉಪಾಯವೇ ಚಳಿಗಾಲದ ಸೋರಿಕೆಯನ್ನು ತಂದಿತ್ತು. ಅಮ್ಮನ ಮುಖದಲ್ಲಿ ಸಣ್ಣ ನಗು.

ಚೀಲ ಬಿಚ್ಚಿಸಿದೆವು. ಅಷ್ಟರಿಂದ ಅರ್ಧ ಕಡಿಮೆಯಾಯಿತು, ಪೂರ್ತಿಯಲ್ಲ. ಮೇಲಿಂದ ಗಾಳಿ ಹೊರಹೋಗಬೇಕಾದರೆ ಕೆಳಗೆಲ್ಲೋ ಒಳಬರಬೇಕು. ಸೂರಿನ ಸಂದುಗಳನ್ನೆಲ್ಲ ಬಾವಲಿ, ಇಲಿ ಬಾರದಂತೆ ಹಲಗೆ ಹೊಡೆದು ಮುಚ್ಚಿದ್ದರು. ಹಾಗಾಗಿ ಟರ್ಬೊ ಗಾಳಿಯನ್ನು ಎಳೆಯುತ್ತಿದ್ದದ್ದೇ ಅಡಿಕೆ ಚಪ್ಪರದ ಕಡೆಯಿಂದ, ಹಬೆಯ ಸಮೇತ. ಚಪ್ಪರದ ಗೋಡೆಯ ಮೇಲಿನ ಖಾಲಿಯನ್ನು ತಗಡಿನಿಂದ ಮುಚ್ಚಿ, ಸೂರಿನ ಹಲಗೆಗಳ ನಡುವೆ ಎರಡೂ ಬದಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆವು. ಆಮೇಲೆ ತೀರಾ ಚಳಿಯ ಬೆಳಿಗ್ಗೆ ಒಂದೆರಡು ಹನಿ ಕಂಡದ್ದು ಬಿಟ್ಟರೆ ಚೀಲಗಳು ನೆನೆಯಲಿಲ್ಲ.

ಮುಂದಿನ ಮಳೆ

ಮರುವರ್ಷ ಆರಿದ್ರೆ, ಪುನರ್ವಸು, ಪುಷ್ಯ ಮೂರೂ ಹುಯ್ದವು. ಟರ್ಬೊ ಬುಡ, ಪೈಪು, ಗಾಳಿ ಹಂಚು ಯಾವುದರಲ್ಲೂ ನೀರಿಲ್ಲ. ಗಾಳಿ ಸುತ್ತಿ ಹೊಡೆದ ಒಂದು ರಾತ್ರಿ ಟರ್ಬೊ ರೆಕ್ಕೆಗಳ ನಡುವೆ ತುಸು ಎರಚಲು ಬಿದ್ದಿತ್ತು. ಅದಕ್ಕೆ ಅಡಿಯಲ್ಲಿ ಒಂದು ಅಗಲ ತಟ್ಟೆ ತೂಗಹಾಕಿ ಬಿಟ್ಟೆವು, ಆರಿಹೋಗುತ್ತದೆ. ಅಷ್ಟಕ್ಕೆ ಮತ್ತೆ ಚೀಲ ಕಟ್ಟುವ ಮಾತು ಎದ್ದಿತ್ತು, ಅಮ್ಮನೇ ತಡೆದರು.

ಖರ್ಚಿನಲ್ಲಿ ತಗಡಿಗಿಂತ ಕೂಲಿಯೇ ಹೆಚ್ಚು. ಗಮ್ಮಿಗೆ ವರ್ಷವರ್ಷ ಸುರಿದದ್ದನ್ನು ಕೂಡಿಸಿ ನೋಡಿ ಗೌಡರೇ ತಲೆಯಾಡಿಸಿದರು.

ಈಗ ಅಡಿಕೆ ಚಪ್ಪರಕ್ಕೂ ಒಂದು ಟರ್ಬೊ ಬೇಕೆಂದಿದ್ದಾರೆ. ವೆಲ್ಡಿಂಗ್ ಹುಡುಗ ಸೂರಿನ ಹತ್ತಿರ, ಏಣಿ ಸುಲಭವಾಗಿ ನಿಲ್ಲುವ ಜಾಗ ತೋರಿಸಿದ. ಅಲ್ಲಿಂದ ನೆತ್ತಿಗೆ ಐದು ಮೀಟರ್. ಅದೇ ಜಡಿಮಳೆಯಲ್ಲಿ ಅದೇ ಕೊರಳಿಗೆ ಗಂಟೆಗೆ 72 ಲೀಟರ್ ಬದಲು 300 ಲೀಟರ್ ಬಂದು ಬಡಿಯುತ್ತದೆ. ಮೇಲಾಗಿ ಹಬೆ ಸೇರುವುದು ನೆತ್ತಿಯಲ್ಲಿ, ಸೂರಿನಲ್ಲಲ್ಲ. ಚಪ್ಪರಕ್ಕೆ ಟರ್ಬೊ ಬೇಡವೆಂದು, ನೆತ್ತಿಯ ಉದ್ದಕ್ಕೂ ಒಂದಡಿ ಎತ್ತರಿಸಿದ ಮರಿಮಾಡು ಕಟ್ಟಿ ಎರಡು ಬದಿಗೂ ತೆರೆದಿಡುವುದೆಂದು ಮಾತಾಗಿದೆ. ತಗಡಿನವರು ಅಳತೆ ಹಿಡಿದು ಹೋಗಿದ್ದಾರೆ, ಕೆಲಸ ಅಡಿಕೆ ಕೊಯ್ಲು ಮುಗಿದ ಮೇಲೆ.